ತಿಗರಿಯ ಮೇಲೆ ಪಿಂಗಾಣಿ

ಪಿಂಗಾಣಿ ಎಂಬ ಶಬ್ದವನ್ನು ನಾವು ಬಹಳ ಉದಾರವಾಗಿ ಬಳಸುತ್ತೇವೆ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ನಮಗೆ ಪಿಂಗಾಣಿ. ನೆಂಟರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವ ಕಪ್ಪುಬಸಿಗಳು ಪಿಂಗಾಣಿ. ವಿದ್ಯುತ್ ಕಂಬದ ನೆತ್ತಿಯಲ್ಲಿ ತಂತಿಯನ್ನು ಹಿಡಿದು ಕುಳಿತಿರುವ ಬಿಲ್ಲೆಗಳೂ ಪಿಂಗಾಣಿಯೇ. ಇವುಗಳಲ್ಲಿ ಉಪ್ಪಿನಕಾಯಿ ಜಾಡಿಯನ್ನು ಮೊದಲು ಬೇರೆ ಇಡಬೇಕು. ಅದರ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಬೆಂದಿರುತ್ತದೆ, ನೀರನ್ನು ಹೀರುವುದಿಲ್ಲ, ನಿಜ. ಆದರೆ ಅದರ ಒಡಲು ಬಿಳಿಯಲ್ಲ, ಅದರ ಮೂಲಕ ಬೆಳಕು ಹಾಯುವುದೂ ಇಲ್ಲ. ಅಂಥದಕ್ಕೆ ಸ್ಟೋನ್‌ವೇರ್, ಎಂದರೆ ಕಲ್ಮಣ್ಣಿನ ಪಾತ್ರೆ ಎಂದು ಹೆಸರು. ನಿಜವಾದ ಪಿಂಗಾಣಿಯ ಒಡಲು ಬಿಳಿ. ಉಗುರಿನಿಂದ ಮೀಟಿದರೆ ಅದು ಗಂಟೆಯಂತೆ ನುಡಿಯುತ್ತದೆ. ಸಾಕಷ್ಟು ತೆಳುವಾದ ಬಟ್ಟಲಿನೊಳಗೆ ಬೆರಳಿಟ್ಟು ದೀಪದ ಮುಂದೆ ಹಿಡಿದರೆ, ಬೆರಳಿನ ನೆರಳು ಹೊರಗಿನಿಂದ ಕಾಣುತ್ತದೆ.

ಇಂಥ ಬಟ್ಟಲು ತಯಾರಾಗುವ ಬಗೆಯನ್ನು ಕುರಿತು ಯೋಚಿಸುವವರು ಕಡಮೆ. ಕುಂಬಾರನ ತಿಗರಿಯ ಮೇಲೆಯೇ ಇದೂ ಹುಟ್ಟಿತೆಂದು ಹಲವರ ಭಾವನೆ. ಹಾಗಲ್ಲ. ನಾವು ಚಹಾ ಕುಡಿಯುವ ಬಟ್ಟಲುಗಳು ಬಹುಮಟ್ಟಿಗೆ ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿದವು. ಮಣ್ಣನ್ನು ಗಂಜಿಯಂತೆ ಕಲಸಿ ಸುಣ್ಣಗಾರೆಯಂಥ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಪ್ಲಾಸ್ಟರು ನೀರನ್ನು ಹೀರಿಕೊಳ್ಳುತ್ತದೆ, ಗೋಡೆಗೆ ಅಂಟಿದ ಪದರ ಗಟ್ಟಿಯಾಗುತ್ತದೆ, ಉಳಿದ ಗಂಜಿಯನ್ನು ಬಸಿದುಬಿಡುತ್ತಾರೆ. ಇಲ್ಲವೆ ತಿರುಗುವ ಅಚ್ಚಿನೊಳಗೆ ಮಣ್ಣಿಟ್ಟು, ಲೋಹದ ಅಲಗೊಂದನ್ನು ಇಳಿಸಿ ಒತ್ತುತ್ತಾರೆ. ಮೈಸೂರು ಸರ್ಕಾರದವರು ಹಿಂದೆ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಪಿಂಗಾಣಿ ಕಾರ್ಖಾನೆಯಲ್ಲಿ ವಿದ್ಯುತ್ ತಂತಿಗಳ ಇನ್ಸುಲೇಟರುಗಳು ತಯಾರಾಗುತ್ತಿದ್ದವು. ಅಲ್ಲಿಯೂ ಕುಂಬಾರನಿಗೆ ಕೆಲಸವಿರಲಿಲ್ಲ. ಇದಕ್ಕೆ ಯಂತ್ರಯುಗದ ಆತುರ ಒಂದು ಕಾರಣ. ಅದಕ್ಕಿಂತ ಹಳೆಯ ಕಾರಣ ಇನ್ನೊಂದಿದೆ: ಈ ಮಣ್ಣಿಗೂ ತಿಗರಿಗೂ ಸಲಿಗೆ ಇಲ್ಲ.

ನಮ್ಮ ಕುಂಬಾರ ಕೆರೆಯಂಗಳದಿಂದ ತರುವ ಮಣ್ಣು ಪ್ರವಾಸ ಮಾಡಿ ಬಂದ ಮಣ್ಣು. ಎಲ್ಲಿಯೋ ಬಂಡೆ ಕೊಳೆತು, ಮಳೆಯಲ್ಲಿ ಕೊಚ್ಚಿ, ಹಳ್ಳದಲ್ಲಿ ಉರುಳಿ, ದಾರಿಯುದ್ದಕ್ಕೂ ಅರೆಯಲ್ಪಟ್ಟು, ಕಬ್ಬಿಣವನ್ನೂ ಕೊಳೆತ ಎಲೆಗಳ ಸತ್ತ್ವವನ್ನೂ ಕೂಡಿಸಿಕೊಂಡು ಕೆರೆಯ ತಳದಲ್ಲಿ ಕುಳಿತಿರುತ್ತದೆ. ಅದರ ಕಣಗಳು ಅತಿ ಸೂಕ್ಷ್ಮ. ಕಣಕಣಗಳ ನಡುವೆ ನೀರಿನ ತೆಳುಪೊರೆಯಿದ್ದು, ಒಂದು ಇನ್ನೊಂದರ ಮೇಲೆ ಜಾರುತ್ತದೆ, ಆದರೆ ಬಿಟ್ಟುಹೋಗುವುದಿಲ್ಲ. ಎಳೆದತ್ತ ಬರುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಪಿಂಗಾಣಿಯ ಮೂಲವಾದ ಕೆಯೋಲಿನ್ ಹಾಗಲ್ಲ. ಅದು ಹುಟ್ಟಿದ ಬಂಡೆಯ ಬಳಿಯೇ ಉಳಿದುಕೊಂಡ ಮಣ್ಣು. ಶುದ್ಧವಾದುದು, ಬಿಳಿಯದು, ಆದರೆ ಕಣಗಳು ದಪ್ಪ, ಜಿಗುಟು ಕಡಮೆ. ಮೇಲಾಗಿ ಕೆಯೋಲಿನ್ ಒಂದರಿಂದಲೇ ಪಿಂಗಾಣಿಯಾಗುವುದಿಲ್ಲ. ಸುಮಾರು ಅರ್ಧ ಪಾಲು ಕೆಯೋಲಿನ್, ಉಳಿದರ್ಧದಲ್ಲಿ ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ, ಬೆಣಚುಕಲ್ಲಿನ ಪುಡಿ. ಬೆಂಕಿಯಲ್ಲಿ ಕರಗಿ ಗಾಜಾಗುವುದು ಫೆಲ್ಡ್‌ಸ್ಪಾರ್. ಬೆಳಕು ಹಾಯುವುದು ಅದರಿಂದಲೇ. ಆದರೆ ತಿಗರಿಯ ಮೇಲೆ ಕುಳಿತಾಗ ಈ ಎರಡು ಪುಡಿಗಳೂ ಬರಿಯ ಮರಳು. ಎಂದರೆ ಕುಂಬಾರನ ಕೈಯಲ್ಲಿರುವ ಮುದ್ದೆಯಲ್ಲಿ ಅರ್ಧದಷ್ಟು ಮಾತ್ರ ಮಣ್ಣು, ಅದೂ ಮಾತು ಕೇಳದ ಮಣ್ಣು.

ಕೆಂಪುಮಣ್ಣಿನಲ್ಲಿ ಪಳಗಿದ ಕೈ ಮೊದಲ ಬಾರಿಗೆ ಈ ಬಿಳಿಯ ಮುದ್ದೆಯನ್ನು ತಿಗರಿಗೆ ಹಾಕಿದಾಗ ನಡೆಯುವುದನ್ನು ಸ್ವಲ್ಪ ವಿವರಿಸಬೇಕು. ಮುಟ್ಟಿದರೆ ಬೆಣ್ಣೆಯಂತೆ ನುಣುಪು. ಇಷ್ಟು ಸುಲಭವೆ ಎನಿಸುತ್ತದೆ. ಮುದ್ದೆ ನಡುವಿಗೆ ಬರುತ್ತದೆ, ಬಾಯಿ ತೆರೆಯುತ್ತದೆ, ಗೋಡೆ ಮೇಲೇಳುತ್ತದೆ. ಕೈ ರೂಢಿಯಂತೆ ನೀರನ್ನು ಮುಟ್ಟಿ ಮತ್ತೆ ಗೋಡೆಯನ್ನು ಎತ್ತಹೋದಾಗ, ಅದು ಯಾವ ಮುನ್ಸೂಚನೆಯೂ ಇಲ್ಲದೆ ಕುಸಿದು ಕೂರುತ್ತದೆ. ಕೆಂಪುಮಣ್ಣು ಬೀಳುವ ಮೊದಲು ಅಲುಗಾಡಿ ಹೇಳುತ್ತದೆ, ಇದು ಹೇಳುವುದಿಲ್ಲ. ನೀರನ್ನು ಬೇಗ ಕುಡಿಯುತ್ತದೆ, ಕುಡಿದೊಡನೆ ಸೋಲುತ್ತದೆ. ಆದುದರಿಂದ ಬಲ್ಲವರು ನೀರಿಗೆ ಬದಲಾಗಿ ಅದೇ ಮಣ್ಣಿನ ತೆಳುವಾದ ಕೆಸರನ್ನು ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ಹತ್ತು ಸಲ ಎಳೆಯುವಲ್ಲಿ ಮೂರು ನಾಲ್ಕು ಸಲಕ್ಕೆ ಮುಗಿಸುತ್ತಾರೆ. ಮಣ್ಣನ್ನು ಸ್ವಲ್ಪ ದಪ್ಪವಾಗಿಯೇ ಬಿಟ್ಟು, ಬಾಡಿ ಚರ್ಮದ ಹದಕ್ಕೆ ಬಂದಮೇಲೆ ಬೋರಲು ಹಾಕಿ ಹೊರಮೈಯನ್ನು ಹೆರೆದು ತೆಳುಮಾಡುತ್ತಾರೆ. ನಮ್ಮ ಕುಂಬಾರ ದಪ್ಪವಾಗಿ ಎತ್ತಿದ ಗಡಿಗೆಯನ್ನು ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ತೆಳುಮಾಡುವುದುಂಟಷ್ಟೆ. ಆ ವಿದ್ಯೆ ಇಲ್ಲಿ ನಡೆಯದು. ಜಿಗುಟಿಲ್ಲದ ಮಣ್ಣನ್ನು ತಟ್ಟಿದರೆ ಅದು ಹಿಗ್ಗುವ ಬದಲು ಸೀಳುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಮಣ್ಣಿಗೆ ನೆನಪು ಬಹಳ. ಹಸಿಯಿದ್ದಾಗ ಬಟ್ಟಲಿನ ಅಂಚು ಸೊಟ್ಟಗಾಯಿತೆನ್ನಿ. ಮೆಲ್ಲಗೆ ಒತ್ತಿ ಸರಿಮಾಡಿದಿರಿ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಕುಲುಮೆಯಲ್ಲಿ ಮೈ ಮೆತ್ತಗಾದಾಗ ಅಂಚು ಮತ್ತೆ ತನ್ನ ಹಳೆಯ ಸೊಟ್ಟಿಗೆ ಹೊರಳುತ್ತದೆ. ತಿಗರಿ ತಿರುಗಿದ ದಿಕ್ಕಿನಲ್ಲಿ ಗೋಡೆ ಸ್ವಲ್ಪ ಹುರಿಗೊಂಡಿರುತ್ತದೆ. ಬೆಂಕಿಯಲ್ಲಿ ಆ ಹುರಿ ಬಿಚ್ಚಿಕೊಂಡು, ನೆಟ್ಟಗೆ ಕೂರಿಸಿದ್ದ ಹಿಡಿ ಪಕ್ಕಕ್ಕೆ ಸರಿದಿರುತ್ತದೆ. ಸುಮಾರು 1,250 ಡಿಗ್ರಿ ಸೆಂಟಿಗ್ರೇಡಿನಿಂದ ಮೇಲೆ, ಕೆಲವು ಕಡೆ 1,400ರವರೆಗೂ ಕಾವು ಬೇಕು. ನಮ್ಮ ಹಳ್ಳಿಯ ಆವಿಗೆ ಈ ಕಾವಿನ ಬಹಳ ಕೆಳಗೇ ನಿಲ್ಲುತ್ತದೆ. ಇಷ್ಟು ಕಾವಿನಲ್ಲಿ ಪಾತ್ರೆ ತನ್ನ ಭಾರಕ್ಕೆ ತಾನೇ ಬಾಗುವ ಸ್ಥಿತಿಗೆ ಬರುತ್ತದೆ. ಒಣಗುವಾಗಲೂ ಬೇಯುವಾಗಲೂ ಕುಗ್ಗಿ, ತಿಗರಿಯ ಮೇಲೆ ಹತ್ತು ಅಂಗುಲವಿದ್ದ ಬೋಗುಣಿ ಕುಲುಮೆಯಿಂದ ಎಂಟೂವರೆ ಅಂಗುಲವಾಗಿ ಹೊರಬರುವುದು ಸಾಮಾನ್ಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಪಿಂಗಾಣಿಯಲ್ಲಿ ದೊಣ್ಣೆ ಹೊರಗಿನಿಂದ ಬರಬೇಕಾಗಿಯೇ ಇಲ್ಲ. ಅದು ಮಣ್ಣಿನೊಳಗೇ ಕುಳಿತಿರುತ್ತದೆ.

ಚೀನಾದವರು ಈ ತೊಡಕನ್ನು ಬಿಡಿಸಿದ ರೀತಿ ಬೇರೆ. ಜಿಂಗ್‌ಡೆಜೆನ್ ಎಂಬ ಪಟ್ಟಣದಲ್ಲಿ ಶತಮಾನಗಳ ಕಾಲ ಪಿಂಗಾಣಿಯನ್ನು ತಿಗರಿಯ ಮೇಲೆಯೇ ಎತ್ತಿದರು. ಕೆಯೋಲಿನ್ ಎಂಬ ಹೆಸರು ಬಂದದ್ದೇ ಅದರ ಸಮೀಪದ ಗಾವೊಲಿಂಗ್ ಎಂಬ ಸ್ಥಳದಿಂದ. ಆದರೆ ಅಲ್ಲಿ ಒಬ್ಬನು ಒಂದು ಬಟ್ಟಲನ್ನು ಮಾಡುತ್ತಿರಲಿಲ್ಲ. ಎತ್ತುವವನು ಎತ್ತಿ ಇಡುವನು, ಹೆರೆಯುವವನು ಹೆರೆಯುವನು, ಗೆರೆ ಎಳೆಯುವವನು ಗೆರೆಯನ್ನಷ್ಟೇ ಎಳೆಯುವನು. 1637ರಲ್ಲಿ ಸೊಂಗ್ ಯಿಂಗ್‌ಷಿಂಗ್ ಎಂಬ ವಿದ್ವಾಂಸ ತನ್ನ ದೇಶದ ಕಸಬುಗಳನ್ನೆಲ್ಲ ವರ್ಣಿಸುವ ಗ್ರಂಥ ಬರೆದಾಗ, ಒಂದು ಬಟ್ಟಲು ಮುಗಿಯುವುದರೊಳಗೆ 72 ಕೈಗಳನ್ನು ದಾಟುತ್ತದೆಂದು ಲೆಕ್ಕ ಕೊಟ್ಟ. ಯುರೋಪು ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ, ಜರ್ಮನಿಯ ಸ್ಯಾಕ್ಸನಿಯಲ್ಲಿ, ಈ ಗುಟ್ಟನ್ನು ಕಂಡುಹಿಡಿಯಿತು. 1710ರಲ್ಲಿ ಮೈಸನ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಯುರೋಪಿನ ಪಿಂಗಾಣಿ ಎಂದರೆ ಅರಸರ, ಅನಂತರ ವ್ಯಾಪಾರಿಗಳ ಕಾರ್ಖಾನೆಯ ಮಾತಾಯಿತು. ಒಬ್ಬ ಕುಂಬಾರ ತಾನೇ ಮಣ್ಣು ನಾದಿ, ತಾನೇ ಎತ್ತಿ, ತಾನೇ ಸುಡುವ ಪಿಂಗಾಣಿ ವಿಶೇಷವಾಗಿ ಇಪ್ಪತ್ತನೆಯ ಶತಮಾನದ ಹಂಬಲ. ಎಪ್ಪತ್ತೆರಡು ಕೈಗಳ ಕೆಲಸವನ್ನು ಎರಡು ಕೈಗಳಿಂದ ಮಾಡಹೊರಟವರಲ್ಲಿ ಒಬ್ಬಾಕೆಯ ದಾರಿಯನ್ನು ನಾನು ಇಲ್ಲಿ ಹೇಳಬಯಸುತ್ತೇನೆ. ಆಕೆಯ ಹೆಸರು ಲೂಸಿ ರೀ.

ಲೂಸಿ 1902ರಲ್ಲಿ ವಿಯೆನ್ನಾ ನಗರದಲ್ಲಿ ಗೋಂಪರ್ಟ್ಸ್ ಎಂಬ ಅನುಕೂಲಸ್ಥ ಯೆಹೂದಿ ಮನೆತನದಲ್ಲಿ ಹುಟ್ಟಿದಳು. ತಂದೆ ವೈದ್ಯ. 1922ರಲ್ಲಿ ಅಲ್ಲಿನ ಕರಕುಶಲ ಕಲಾಶಾಲೆಯನ್ನು ಸೇರಿ ಮಿಖಾಯೆಲ್ ಪೊವೊಲ್ನಿ ಎಂಬಾತನ ಬಳಿ ಕಲಿತಳು. ತಿಗರಿಯನ್ನು ಕಂಡ ಮೇಲೆ ಬೇರೆ ಯಾವುದೂ ಬೇಡವಾಯಿತು. ಅಂದು ಆಕೆ ಮಾಡುತ್ತಿದ್ದುದು ಪಿಂಗಾಣಿಯಲ್ಲ, ಕಡಮೆ ಕಾವಿನಲ್ಲಿ ಬೇಯುವ ಕೆಂಪುಮಣ್ಣಿನ ಪಾತ್ರೆಗಳು. ಆದರೆ ಆ ಪಾತ್ರೆಗಳಿಗೆ ಒಂದು ಲಕ್ಷಣವಿತ್ತು: ಗೋಡೆ ತೆಳು, ಆಕಾರ ಚೊಕ್ಕ, ಅಲಂಕಾರ ಇಲ್ಲವೆನ್ನುವಷ್ಟು ಕಡಮೆ. ಆ ಕಾಲದ ವಿಯೆನ್ನಾ ಹೊಸ ವಾಸ್ತುಶಿಲ್ಪದ ನಗರ. ಗೋಡೆಯ ಮೇಲಿನ ಹೂಬಳ್ಳಿಗಳನ್ನು ಕಿತ್ತೊಗೆದು ಗೆರೆಯ ಸೌಂದರ್ಯವನ್ನು ಹುಡುಕುತ್ತಿದ್ದವರ ನಡುವೆ ಆಕೆ ಬೆಳೆದಳು. ಆಕೆಯ ಮನೆಯ ಕಪಾಟುಗಳನ್ನೂ ಬೆಂಚುಗಳನ್ನೂ ಅರ್ನ್‌ಸ್ಟ್ ಪ್ಲಿಷ್ಕೆ ಎಂಬ ತರುಣ ವಾಸ್ತುಶಿಲ್ಪಿ ರಚಿಸಿಕೊಟ್ಟಿದ್ದ. ಲೂಸಿಯ ಬೋಗುಣಿಗಳು ಆ ಕಪಾಟುಗಳ ಒಡಹುಟ್ಟಿದವುಗಳಂತೆ ಇದ್ದವು. 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳ್ಳಿಯ ಪದಕವೂ ಬಂತು.

ಮರುವರ್ಷವೇ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕಿತು. ಲೂಸಿಯೂ ಆಕೆಯ ಗಂಡ ಹಾನ್ಸ್ ರೀಯೂ ದೇಶ ಬಿಟ್ಟರು. ಆತ ಅಮೆರಿಕಕ್ಕೆ ಹೊರಟ. ಆಕೆ ಲಂಡನ್ನಿನಲ್ಲಿ ಉಳಿದಳು. ಮದುವೆ ಅಲ್ಲಿಗೆ ಮುಗಿಯಿತು. ಹೈಡ್ ಪಾರ್ಕಿನ ಬಳಿ ಆಲ್ಬಿಯನ್ ಮ್ಯೂಸ್ ಎಂಬ ಓಣಿ. ಒಂದು ಕಾಲಕ್ಕೆ ಕುದುರೆ ಲಾಯಗಳಿದ್ದ ಸಾಲು. ಅಲ್ಲಿನ ಒಂದು ಪುಟ್ಟ ಮನೆಯ ಕೆಳಗೆ ಕೆಲಸದ ಕೋಣೆ, ಮೇಲೆ ವಾಸ. ವಿಯೆನ್ನಾದಿಂದ ತರಿಸಿದ ಪ್ಲಿಷ್ಕೆಯ ಕಪಾಟುಗಳು ಆ ಇಕ್ಕಟ್ಟಿಗೆ ಹೊಂದಲಿಲ್ಲ. ಮನೋವಿಜ್ಞಾನಿ ಫ್ರಾಯ್ಡನ ಮಗ, ವಾಸ್ತುಶಿಲ್ಪಿ ಅರ್ನ್‌ಸ್ಟ್ ಫ್ರಾಯ್ಡ್, ಅವನ್ನು ಅಲ್ಲಿಗೆ ಒಪ್ಪುವಂತೆ ಮಾರ್ಪಡಿಸಿಕೊಟ್ಟ.

ಕಪಾಟುಗಳನ್ನು ಒಗ್ಗಿಸಬಹುದು; ಕೈಯನ್ನು ಒಗ್ಗಿಸುವುದು ಹೇಗೆ? ಅಂದಿನ ಇಂಗ್ಲೆಂಡಿನಲ್ಲಿ ಕುಂಬಾರಿಕೆಯ ಕಲೆ ಎಂದರೆ ಬರ್ನಾರ್ಡ್ ಲೀಚ್. ಜಪಾನಿನಲ್ಲಿ ಕುಂಬಾರಿಕೆ ಕಲಿತು, 1920ರಲ್ಲಿ ಹಮಾದಾ ಶೋಜಿಯೊಡನೆ ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಶಾಲೆಯನ್ನು ತೆರೆದವನು ಆತ. ಆತನಿಗೆ ಪ್ರಿಯವಾದದ್ದು ಪೂರ್ವದೇಶಗಳ ಮತ್ತು ಹಳೆಯ ಇಂಗ್ಲಿಷ್ ಹಳ್ಳಿಗಳ ತೂಕವುಳ್ಳ, ಮಣ್ಣಿನ ಬಣ್ಣದ, ಒಡ್ಡೊಡ್ಡಾದ ಆದರೆ ಜೀವವುಳ್ಳ ಪಾತ್ರೆಗಳು. ವಿಯೆನ್ನಾದಿಂದ ಬಂದ ಈಕೆಯ ಪಾತ್ರೆಗಳು ಆತನಿಗೆ ತೀರ ತೆಳು ಎನಿಸಿದವು. ಲೀಚ್ ದೊಡ್ಡ ಮನುಷ್ಯ, ಸ್ನೇಹಪರ. ಅವರಿಬ್ಬರ ಸ್ನೇಹ ಜೀವನಪರ್ಯಂತ ಉಳಿಯಿತು. ಆದರೆ ಆತನ ಮಾತಿನ ಭಾರ ಎಷ್ಟಿತ್ತೆಂದರೆ, ಪದಕ ಗೆದ್ದು ಬಂದಿದ್ದ ಲೂಸಿ ಕೆಲವು ವರ್ಷ ತನ್ನ ಕೈಯನ್ನೇ ನಂಬದೆ, ಆತನ ಮಾದರಿಯ ದಪ್ಪ ಪಾತ್ರೆಗಳನ್ನು ಮಾಡಲು ಹೆಣಗಿದಳು. ಅವು ಆಕೆಗೆ ಒಲಿಯಲಿಲ್ಲ. ಅನ್ಯರ ನೆಲದಲ್ಲಿ ಆಶ್ರಯ ಪಡೆದವರಿಗೆ ಆ ನೆಲದ ಅಭಿರುಚಿಯೂ ಒಂದು ಋಣವಾಗಿ ತೋರುತ್ತದೆಯೋ ಏನೋ.

ಯುದ್ಧದ ವರ್ಷಗಳಲ್ಲಿ ಪಾತ್ರೆ ಕೊಳ್ಳುವವರಿರಲಿಲ್ಲ. ಆಕೆ ಕೆಲಕಾಲ ಮಸೂರಗಳ ಉಪಕರಣ ತಯಾರಿಸುವ ಕಾರ್ಖಾನೆಯಲ್ಲಿ ದುಡಿದಳು. ಮನೆಯಲ್ಲಿ ಹೆಂಗಸರ ಉಡುಪುಗಳಿಗೆ ಮಣ್ಣಿನ ಗುಂಡಿಗಳನ್ನು ಮಾಡಿದಳು. ಗುಂಡಿ ಎಂದರೆ ಅಂಗಿಯ ಗುಂಡಿಯೇ. ಅಚ್ಚಿನಲ್ಲಿ ಒತ್ತಿದ, ಅಗ್ಗವಲ್ಲದ, ಚೆಲುವಾದ ಗುಂಡಿಗಳು. ಇದನ್ನು ಹೊಟ್ಟೆಪಾಡಿನ ಕೆಲಸವೆಂದು ದಾಟಿಹೋಗುವ ಹಾಗಿಲ್ಲ. ದರ್ಜಿಗಳು ಬಟ್ಟೆಯ ಚೂರನ್ನು ಕಳಿಸುವರು. ಅದೇ ಬಣ್ಣ ಗುಂಡಿಯ ಮೇಲೆ ಬರಬೇಕು. ಪಾತ್ರೆಯ ಮೇಲೆ ಕರಗಿ ಗಾಜಾಗುವ ಮೆರುಗಿನ ಲೇಪವನ್ನು ಹತ್ತಾರು ಬಗೆಯಲ್ಲಿ ಕಲಸಿ, ತಾಮ್ರ, ಮ್ಯಾಂಗನೀಸ್, ಕೋಬಾಲ್ಟುಗಳನ್ನು ತೂಕಮಾಡಿ ಬೆರೆಸಿ, ಸುಟ್ಟು, ಬಟ್ಟೆಯ ಪಕ್ಕಕ್ಕಿಟ್ಟು ನೋಡಿ, ಮತ್ತೆ ಕಲಸಿ, ಹೀಗೆ ಸಾವಿರಗಟ್ಟಲೆ ಪುಟ್ಟ ತುಣುಕುಗಳ ಮೇಲೆ ಆಕೆ ಬಣ್ಣದ ರಸಾಯನವನ್ನು ಕರಗತ ಮಾಡಿಕೊಂಡಳು. ಯಾವ ಕಲಾಶಾಲೆಯೂ ಇಷ್ಟು ಪಾಠ ಕಲಿಸಲಾರದು.

1946ರಲ್ಲಿ ಕೆಲಸ ಕೇಳಿಕೊಂಡು ಹಾನ್ಸ್ ಕೋಪರ್ ಎಂಬ ತರುಣ ಬಂದ. ಆತನೂ ಜರ್ಮನಿಯಿಂದ ಓಡಿಬಂದವನು; ಮಣ್ಣಿನ ಕೆಲಸ ಏನೇನೂ ಗೊತ್ತಿರಲಿಲ್ಲ. ಗುಂಡಿ ಒತ್ತಲು ಸೇರಿದವನು ಬೇಗನೆ ತಿಗರಿಯನ್ನು ಕಲಿತ, ಮುಂದೆ ಆ ಶತಮಾನದ ದೊಡ್ಡ ಕುಂಬಾರರಲ್ಲಿ ಒಬ್ಬನಾದ. ಆತ ಲೂಸಿಗೆ ಮಾಡಿದ ಉಪಕಾರವೆಂದರೆ, ಲೀಚನ ದಾರಿ ನಿನ್ನದಲ್ಲ, ನಿನ್ನ ಕೈ ಹೇಳುವುದನ್ನು ಮಾಡು ಎಂಬ ಧೈರ್ಯ ತುಂಬಿದ್ದು. ಗುರುವಿಗಿಂತ ಹದಿನೆಂಟು ವರ್ಷ ಚಿಕ್ಕವನಾದ, ನಿನ್ನೆಮೊನ್ನೆ ಕಸಬು ಹಿಡಿದ ಶಿಷ್ಯ ಹೇಳಿದ ಮಾತು!

1948ರಲ್ಲಿ ಆಕೆ ಹೆಚ್ಚಿನ ಕಾವು ಕೊಡುವ ವಿದ್ಯುತ್ ಕುಲುಮೆಯೊಂದನ್ನು ಕೊಂಡಳು. ಅದರ ಬಾಯಿ ಬಾವಿಯಂತೆ ಮೇಲ್ಗಡೆ. ಅಡಿಯಲ್ಲಿರುವ ಪಾತ್ರೆಯನ್ನು ಎತ್ತಲು ಪುಟ್ಟ ಆಳಾದ ಲೂಸಿ ಅರ್ಧ ಮೈ ಒಳಗಿಳಿಯಬೇಕಾಗಿತ್ತು. ಅದು ಬಂದ ಮೇಲೆಯೇ ಕಲ್ಮಣ್ಣಿನ ಕೆಲಸ ಸಾಧ್ಯವಾದದ್ದು. ಅದರ ಬೆನ್ನಿಗೇ ಪಿಂಗಾಣಿ ಬಂತು. ಆಗ ಆಕೆಗೆ ನಲವತ್ತಾರು ನಲವತ್ತೇಳು ವರ್ಷ. ಇಪ್ಪತ್ತೈದು ವರ್ಷ ತಿಗರಿಯ ಮುಂದೆ ಕುಳಿತ ಮೇಲೆ ಈ ಬಿಳಿಯ ಮಣ್ಣು ಕೈಗೆ ಸಿಕ್ಕಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೆಂಪುಮಣ್ಣಿನಲ್ಲಿ ತೆಳುಗೋಡೆ ಒಂದು ಆಯ್ಕೆ ಮಾತ್ರ. ದಪ್ಪವಾಗಿದ್ದರೂ ಮಡಕೆ ಮಡಕೆಯೇ. ಪಿಂಗಾಣಿಯಲ್ಲಿ ತೆಳುವಲ್ಲದಿದ್ದರೆ ಬೆಳಕು ಹಾಯದು. ಬೆಳಕು ಹಾಯದಿದ್ದರೆ ಅಷ್ಟು ಶ್ರಮಪಟ್ಟದ್ದೇಕೆ? ಲಂಡನ್ನಿನಲ್ಲಿ ಯಾವುದನ್ನು ಆಕೆಯ ದೋಷವೆಂದು ಎಣಿಸಿದ್ದರೋ, ಈ ಮಣ್ಣು ಕೇಳುತ್ತಿದ್ದುದು ಅದನ್ನೇ. ಲೀಚನೂ ಪಿಂಗಾಣಿಯನ್ನು ಮಾಡಿದ್ದುಂಟು. ಅವು ಒಳ್ಳೆಯ ಪಾತ್ರೆಗಳು. ಆದರೆ ಅವುಗಳಲ್ಲಿ ಚೀನಾದ, ಕೊರಿಯಾದ ಹಳೆಯ ಬಟ್ಟಲುಗಳ ಸ್ಮರಣೆ ಮುಂದೆ ನಿಂತು ಮಾತನಾಡುತ್ತದೆ ಎಂದು ನನ್ನ ಎಣಿಕೆ. ಲೂಸಿಯ ಬೋಗುಣಿಗಳು ಯಾರನ್ನೂ ಸ್ಮರಿಸುವುದಿಲ್ಲ. ಬೆರಳೆರಡರ ನಡುವೆ ಹಿಡಿಯಬಹುದಾದಷ್ಟು ಕಿರಿದಾದ ಕಾಲು. ಅಲ್ಲಿಂದ ಒಮ್ಮೆಲೇ ಅಗಲವಾಗಿ ಅರಳುವ ಗೋಡೆ. ಅಂಚಿನಲ್ಲಿ ಕಂಚಿನ ಬಣ್ಣದ ಮ್ಯಾಂಗನೀಸ್ ಕರಗಿ ಸ್ವಲ್ಪ ಕೆಳಗೆ ಜಾರಿ ನಿಂತ ಗುರುತು. ಇಷ್ಟು ಅಗಲದ ಗೋಡೆ ಇಷ್ಟು ಕಿರಿದಾದ ಕಾಲಿನ ಮೇಲೆ 1,250 ಡಿಗ್ರಿಯ ಕಾವಿನಲ್ಲಿ ಕುಸಿಯದೆ ನಿಲ್ಲಬೇಕಾದರೆ ಹೆರೆದ ಕೈಗೆ ಲೆಕ್ಕ ಎಷ್ಟು ಖಚಿತವಾಗಿ ಗೊತ್ತಿರಬೇಕೆಂಬುದನ್ನು ಊಹಿಸಿಕೊಳ್ಳಿ.

ಇದರ ಮೇಲೆ ಆಕೆಯದು ಇನ್ನೊಂದು ಸಾಹಸ. ಇಂದು ಕುಂಬಾರರು ಸಾಧಾರಣವಾಗಿ ಪಾತ್ರೆಯನ್ನು ಒಮ್ಮೆ ಹಗುರವಾಗಿ ಸುಟ್ಟು ಗಟ್ಟಿಮಾಡಿಕೊಂಡು, ಆಮೇಲೆ ಮೆರುಗನ್ನು ಲೇಪಿಸಿ ಎರಡನೆಯ ಬಾರಿ ಸುಡುತ್ತಾರೆ. ಲೂಸಿ ಒಂದೇ ಸಲ ಸುಡುತ್ತಿದ್ದಳು. ಒಣಗಿದ ಹಸಿಪಾತ್ರೆಗೇ ಮೆರುಗನ್ನು ಕುಂಚದಿಂದ ದಪ್ಪವಾಗಿ ಹಚ್ಚುವುದು, ನೇರವಾಗಿ ಕುಲುಮೆಗೆ. ನೀರು ತಾಗಿದರೆ ಸೋಲುವ ಮಣ್ಣಿನ, ಹಾಳೆಯಷ್ಟು ತೆಳುವಾದ ಗೋಡೆಗೆ ಒದ್ದೆ ಲೇಪ! ಒಂದು ಗಳಿಗೆ ಹೆಚ್ಚು ತಡೆದರೆ ಬಟ್ಟಲು ಕೆಸರಾಗಿ ಕೂರುತ್ತದೆ. ಗೆದ್ದರೆ ಮಾತ್ರ ಮೈಯೂ ಮೆರುಗೂ ಕೂಡಿ ಬೆಂದು ಒಂದಾಗುತ್ತವೆ. ಮೇಲೆ ಹೊದಿಸಿದಂತೆ ಕಾಣುವುದಿಲ್ಲ.

ಅದೇ 1940ರ ದಶಕದ ಕೊನೆಯಲ್ಲಿ ಆಕೆ ಕೋಪರನೊಡನೆ ದಕ್ಷಿಣ ಇಂಗ್ಲೆಂಡಿನ ಎವ್‌ಬರಿಗೆ ಹೋಗಿದ್ದಳು. ಅಲ್ಲಿ ದೊಡ್ಡ ಶಿಲಾವೃತ್ತವೊಂದಿದೆ. ಬಳಿಯ ವಸ್ತುಸಂಗ್ರಹಾಲಯದಲ್ಲಿ ಸಾವಿರಾರು ವರ್ಷ ಹಿಂದಿನ ಒರಟು ಕಪ್ಪು ಗಡಿಗೆಗಳಿದ್ದವು. ಅವುಗಳ ಮೇಲೆ ಹಕ್ಕಿಯ ಎಲುಬುಗಳಿಂದ ಗೀಚಿದ ಗೆರೆಗಳಿದ್ದವು. ಮನೆಗೆ ಮರಳಿ ಆಕೆ ಪಿಂಗಾಣಿಗೆ ಮ್ಯಾಂಗನೀಸಿನ ಕಂದು ಲೇಪ ಹಚ್ಚಿ, ಅದರ ಮೂಲಕ ಸೂಜಿಯಿಂದ ಗೆರೆಗಳನ್ನು ಗೀರಿದಳು. ತಿಗರಿಯ ಮೇಲೆ ಬಟ್ಟಲನ್ನು ಕೂರಿಸಿ, ಅಂಚಿನಿಂದ ಕಾಲಿನವರೆಗೆ, ಒಂದರ ಪಕ್ಕದಲ್ಲಿ ಒಂದು, ನೂರಾರು ಗೆರೆ. ಕಂದು ಲೇಪದ ಅಡಿಯಿಂದ ಬಿಳಿಯ ಮೈ ಕೂದಲೆಳೆಯಂತೆ ಇಣುಕುತ್ತದೆ. ಕೈಯಿಂದ ಎಳೆದವು, ಒಂದಕ್ಕೊಂದು ಸಮನಲ್ಲ, ಅಲ್ಲಲ್ಲಿ ನಡುಗಿವೆ. ಅಳತೆಗೋಲಿಟ್ಟು ಎಳೆದಿದ್ದರೆ ಅದು ಕಾರ್ಖಾನೆಯ ಸಾಮಾನಾಗುತ್ತಿತ್ತು. ಎಲ್ಲಕ್ಕಿಂತ ಒರಟಾದ ಗಡಿಗೆಯಿಂದ ಎಲ್ಲಕ್ಕಿಂತ ನಯವಾದ ಮಣ್ಣಿಗೆ ಈ ಗೆರೆ ದಾಟಿದ್ದು ನನಗೆ ಇಂದಿಗೂ ಸೋಜಿಗ.

ಉಳಿದ ಕಥೆ ಬೇಗ ಹೇಳಬಹುದು. 1950ರ ದಶಕದಲ್ಲಿ ಆಕೆಯೂ ಕೋಪರನೂ ಲಂಡನ್ನಿನ ಅಂಗಡಿಗಳಿಗೆ ಕಾಫಿಯ ಬಟ್ಟಲು, ಹೂಜಿಗಳನ್ನು ಮಾಡಿ ಜೀವನ ಸಾಗಿಸಿದರು. 1958ರಲ್ಲಿ ಕೋಪರ್ ತನ್ನದೇ ಕೆಲಸದ ಮನೆ ಹೂಡಿದ. ಲೂಸಿ ಕೆಲವು ವರ್ಷ ಕ್ಯಾಂಬರ್ವೆಲ್ ಕಲಾಶಾಲೆಯಲ್ಲಿ ಕಲಿಸಿದಳು. 1967ರಲ್ಲಿ ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ಆಕೆಯ ಕೆಲಸದ ಸಮಗ್ರ ಪ್ರದರ್ಶನ ಏರ್ಪಡಿಸಿತು. 1991ರಲ್ಲಿ ಡೇಮ್ ಪದವಿ ಬಂತು. ಹಿಂದೆ ಹೊಟ್ಟೆಪಾಡಿಗೆ ಮಾಡಿದ ಗುಂಡಿಗಳನ್ನು ಜಪಾನಿನ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ 1989ರಲ್ಲಿ ತನ್ನ ಉಡುಪುಗಳಿಗೆ ಹೊಲಿಸಿದ. ಲೀಚ್ ಮನೆತನದ ಮಾತೂ ಒಂದು ಉಂಟು: ಬರ್ನಾರ್ಡನ ಮಗ ಡೇವಿಡ್ ಲೀಚ್ ಮುಂದೆ ತಿಗರಿಗೆ ಒಗ್ಗುವಂಥ ಪಿಂಗಾಣಿ ಮಿಶ್ರಣವೊಂದನ್ನು ರೂಪಿಸಿದ, ಅದು ಆತನ ಹೆಸರಿನಲ್ಲೇ ಸಿದ್ಧ ಮಣ್ಣಾಗಿ ಮಾರಾಟಕ್ಕೆ ಬಂದು, ಎಷ್ಟೋ ಕುಂಬಾರರು ಬಿಳಿಯ ಮಣ್ಣನ್ನು ಮೊದಲು ಮುಟ್ಟಿದ್ದು ಅದರ ಮೂಲಕವೇ.

ಲೂಸಿ ಎಂಬತ್ತು ದಾಟಿದ ಮೇಲೂ ತಿಗರಿಯ ಮುಂದೆ ಕೂರುತ್ತಿದ್ದಳು. 1990ರಲ್ಲಿ ಪಾರ್ಶ್ವವಾಯು ಬಡಿದು ಕೆಲಸ ನಿಂತಿತು. 1995ರ ಏಪ್ರಿಲ್ 1ರಂದು ಆಕೆ ತೀರಿಕೊಂಡಳು. ಐದು ದಶಕಗಳಿಗೂ ಮೀರಿ ಅದೇ ಆಲ್ಬಿಯನ್ ಮ್ಯೂಸ್ ಆಕೆಯ ಮನೆಯಾಗಿತ್ತು. ಪ್ಲಿಷ್ಕೆಯ ಕಪಾಟು ಬೆಂಚುಗಳು ಆಮೇಲೆ ವಿಯೆನ್ನಾಕ್ಕೆ ಮರಳಿ, ಅಲ್ಲಿನ ಪೀಠೋಪಕರಣಗಳ ಸಂಗ್ರಹಾಲಯವನ್ನು ಸೇರಿದವು. ಕೆಲಸದ ಕೋಣೆಯನ್ನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇದ್ದಂತೆಯೇ ಮತ್ತೆ ಜೋಡಿಸಿದ್ದಾರೆ; ತಿಗರಿ ಅಲ್ಲಿದೆ.